ಉತ್ತರಿಸಿದವರು ಸುಳ್ಳು ಹೇಳಿದರೇ?

ಮಾನ್ಯರೇ,

ಕಳೆದ ಸಂಚಿಕೆಯ ಆಹಾರ ಸಮೀಕ್ಷೆಯ ಲೇಖನವನ್ನು ಓದಿ, ‘ಏನು ತಿಂದಿರಿ ಎಂದು ಕೇಳಿದರೆ ನಿಜ ಹೇಳುವವರು ಯಾರು? ಇಂಥ ಉತ್ತರಗಳನ್ನು ನೆಚ್ಚಿದ ಸಂಶೋಧನೆಯನ್ನು ನಂಬುವುದಾದರೂ ಹೇಗೆ?’ ಎಂದು ಕೇಳಿದ್ದೀರಿ. ನಿಮ್ಮ ಅನುಮಾನ ಸಕಾರಣವಾದದ್ದೇ. ಆದರೆ ದೋಷವನ್ನೆಲ್ಲ ಉತ್ತರಿಸಿದವರ ಪ್ರಾಮಾಣಿಕತೆಯ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ.

ನಿಮ್ಮ ವಾದಕ್ಕೆ ಪುಷ್ಟಿ ಕೊಡುವ ಅಧ್ಯಯನವೊಂದು 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಎಷ್ಟು ಕಡಿಮೆ ಉಂಡರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ 10 ಮಂದಿ ಸ್ಥೂಲಕಾಯರಿಗೆ ಭಾರ ಐಸೊಟೋಪುಗಳಿರುವ (ಜಲಜನಕ, ಆಮ್ಲಜನಕಗಳ ತುಸು ಭಾರವಾದ ರೂಪಗಳಿರುವ) ನೀರನ್ನು ಕುಡಿಸಿ, ಅವು ದೇಹದಿಂದ ಹೊರಹೋಗುವ ವೇಗದಿಂದ ವ್ಯಯವಾದ ಶಕ್ತಿಯನ್ನು ಅಳೆದು, ಅದನ್ನು ಅವರೇ ಬರೆದಿಟ್ಟ ಲೆಕ್ಕದೊಂದಿಗೆ ಹೋಲಿಸಲಾಯಿತು. ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆಯಾಗಿಯೂ ದೈಹಿಕ ಚಟುವಟಿಕೆಯನ್ನು ಶೇ 51ರಷ್ಟು ಹೆಚ್ಚಾಗಿಯೂ ವರದಿ ಮಾಡಿದ್ದರು. ಹತ್ತೇ ಮಂದಿಯ ಈ ಲೆಕ್ಕವನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೂ ತಪ್ಪು ಎರಡೂ ಕಡೆ ತಮಗೆ ಅನುಕೂಲವಾಗುವಂತೆಯೇ ವಾಲಿದ್ದು ಗಮನಾರ್ಹ.

ಮುಚ್ಚಿಡಬೇಕಾದ್ದೇನೂ ಇಲ್ಲದಿದ್ದಾಗಲೂ ಉತ್ತರ ಬದಲಾಗುತ್ತದೆಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಆಹಾರದ ಖರ್ಚನ್ನು ಬಹುಕಾಲ ಕಳೆದ 30 ದಿನಗಳ ಲೆಕ್ಕದಲ್ಲಿ ಕೇಳುತ್ತಿದ್ದರು. ತೊಂಬತ್ತರ ದಶಕದಲ್ಲಿ ಪ್ರಯೋಗಾರ್ಥವಾಗಿ ಕೆಲವು ಕುಟುಂಬಗಳಿಗೆ ಕಳೆದ 7 ದಿನಗಳದ್ದನ್ನು ಮಾತ್ರ ಕೇಳಿದಾಗ, ತಿಂಗಳಿಗೆ ಪರಿವರ್ತಿಸಿದ ಬಳಕೆ ಸ್ಪಷ್ಟವಾಗಿ ಹೆಚ್ಚು ಬಂತು. 1999–2000ರ ಸುತ್ತಿನಲ್ಲಿ ಎರಡೂ ಪ್ರಶ್ನೆಗಳನ್ನು ಒಂದೇ ಕುಟುಂಬಕ್ಕೆ, ಅಕ್ಕಪಕ್ಕದ ಕಾಲಂಗಳಲ್ಲಿ ಕೇಳಲಾಯಿತು. ವಾರದ ಲೆಕ್ಕ ಕೊಟ್ಟವರು ತಿಂಗಳದ್ದನ್ನೂ ಅದಕ್ಕೆ ಹೊಂದಿಸಿಕೊಂಡು ಹೇಳಿರಬಹುದೆಂಬ ತಕರಾರು ಎದ್ದಿತು. ಬಡತನವನ್ನು ಅಳೆಯುವುದು ಈ ಖರ್ಚಿನ ಲೆಕ್ಕದಿಂದಲೇ; ಅದು ಹೆಚ್ಚು ಬಂದರೆ ಬಡವರು ಕಡಿಮೆ ಕಾಣುತ್ತಾರೆ. 1993–94ರಲ್ಲಿ ಸುಮಾರು ಶೇ 36ರಷ್ಟಿದ್ದ ಬಡತನ ಸುಮಾರು ಶೇ 26ಕ್ಕೆ ಇಳಿಯಿತೆಂಬ ಸರ್ಕಾರಿ ಲೆಕ್ಕದಲ್ಲಿ ನಿಜವಾದ ಇಳಿಕೆಯೆಷ್ಟು, ಪ್ರಶ್ನಾವಳಿಯ ಕೊಡುಗೆಯೆಷ್ಟು ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಿದರು. ಅಕ್ಕಿ ಬೇಳೆಯ ಲೆಕ್ಕ ಹೇಳಿದ ಗೃಹಿಣಿಯರನ್ನು ಇದಕ್ಕಾಗಿ ದೂರುವುದು ಅನ್ಯಾಯ.

ಸಂಕೋಚವೇ ಅಡ್ಡಿಯಾಗುವ ವಿಷಯಗಳಿಗೆ ಬೇರೆ ಉಪಾಯವಿದೆ. ಉತ್ತರಿಸುವವರು ಯಾರಿಗೂ ಕಾಣದಂತೆ ಚಕ್ರವೊಂದನ್ನು ತಿರುಗಿಸಿ, ಅದು ತೋರಿಸಿದ ಹೇಳಿಕೆಗೆ (‘ನಾನು ಆ ಗುಂಪಿಗೆ ಸೇರಿದವನು’ ಅಥವಾ ‘ಸೇರಿದವನಲ್ಲ’) ‘ಹೌದು’ ಅಥವಾ ‘ಅಲ್ಲ’ ಎನ್ನುವ ವಿಧಾನವನ್ನು ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಸೂಚಿಸಿದರು. ಯಾರು ಯಾವ ಹೇಳಿಕೆಗೆ ಉತ್ತರಿಸಿದರೆಂದು ಸಂದರ್ಶಕರಿಗೆ ತಿಳಿಯದಿದ್ದರೂ, ಚಕ್ರ ಯಾವ ಹೇಳಿಕೆಯನ್ನು ತೋರಿಸುವ ಸಂಭವ ಎಷ್ಟೆಂಬುದು ಮೊದಲೇ ಗೊತ್ತಿರುವುದರಿಂದ ಒಟ್ಟು ಗುಂಪಿನ ಪ್ರಮಾಣವನ್ನು ಗಣಿತದಿಂದ ಅಂದಾಜಿಸಬಹುದು.

ಇನ್ನು ನೋವು, ಭಯ, ನಿರ್ಧಾರದ ಹಿಂದಿನ ಕಾರಣ ಇವುಗಳಿಗೆ ಅನುಭವಿಸಿದವರ ಮಾತಿನ ಹೊರತು ಬೇರೆ ಆಧಾರ ಸಿಗುವುದು ಕಷ್ಟ. ಆದ್ದರಿಂದ ಸ್ವಂತ ವರದಿಯ ಸಂಶೋಧನೆಗಳನ್ನು ನಾವು ಮುಂದೆಯೂ ಪ್ರಕಟಿಸುತ್ತೇವೆ. ಆದರೆ ಕೇಳಿದ ಪ್ರಶ್ನೆಯ ಮೂಲ ವಾಕ್ಯ, ಅದು ಒಳಗೊಂಡ ಅವಧಿ ಮತ್ತು ಉತ್ತರವನ್ನು ಬೇರೆ ಅಳತೆಯೊಂದಿಗೆ ತಾಳೆ ನೋಡಲಾಗಿದೆಯೇ ಎಂಬ ವಿವರಗಳನ್ನು ಲೇಖನದಲ್ಲೇ ನೀಡಬೇಕೆಂದು ಲೇಖಕರಿಗೆ ಸೂಚಿಸಿದ್ದೇವೆ.

— ಸಂಪಾದಕ