ಚಾಮ್ ಭಾಷೆ ಸಂಸ್ಕೃತದ ಮಗಳೇ?

ಪ್ರಶ್ನೆ: ವಿಯೆಟ್ನಾಂನ ಮೀ ಸನ್ ದೇವಾಲಯಗಳನ್ನು ನೋಡಿ ಬಂದೆವು. ಅವನ್ನು ಕಟ್ಟಿದ ಚಾಮ್ ಜನರ ಲಿಪಿ ನಮ್ಮ ಲಿಪಿಗಳನ್ನು ಹೋಲುತ್ತದೆ, ವಾರಗಳ ಹೆಸರೂ ನಮ್ಮವೇ. ಆ ಭಾಷೆ ಸಂಸ್ಕೃತದಿಂದ ಹುಟ್ಟಿದ್ದೇ? ಅಲ್ಲಿನ ಜರಾಯ್, ಎಡೆ ಭಾಷೆಗಳು ಅದರ ಉಪಭಾಷೆಗಳೇ?
– ಓದುಗರು, ಧಾರವಾಡ

ಉತ್ತರ: ಎರಡೂ ಅಲ್ಲ. ವಾರಗಳ, ಲಿಪಿಯ ಮಾತು ಮಾತ್ರ ನಿಜ. ಚಾಮರ ಭಾನುವಾರ ‘ಆದಿತ್’, ಮಂಗಳವಾರ ‘ಅಂಗಾರ್’. ಐತವಾರ ಎನ್ನುವ ನಿಮ್ಮ ಕಡೆಯವರಿಗೆ ಇದು ತಟ್ಟನೆ ಹೊಳೆಯುತ್ತದೆ. ಲಿಪಿಗೆ ಅವರು ಅನ್ನುವುದು ‘ಅಖರ್’, ಅಂದರೆ ಅಕ್ಷರ. ಅದೂ ನಮ್ಮ ಲಿಪಿಯಂತೆ ಬ್ರಾಹ್ಮಿಯ ಸಂತತಿ. ಆದರೆ ಲಿಪಿಯನ್ನೂ ವಾರದ ಹೆಸರನ್ನೂ ಯಾರು ಯಾರಿಂದಲಾದರೂ ಪಡೆಯಬಹುದು. ಕನ್ನಡದಲ್ಲಿ ಸಂಸ್ಕೃತ ಪದಗಳು ಎಷ್ಟೇ ಇರಲಿ, ‘ಕಣ್ಣು’, ‘ಐದು’ ದ್ರಾವಿಡವೇ ತಾನೆ?

ಚಾಮರ ‘ಐದು’ ಕೇಳಿ: ಲಿಮಾ. ಮಲಯ ಭಾಷೆಯಲ್ಲೂ ಅದು ಲಿಮಾ; ಎರಡೂ ಆಸ್ಟ್ರೋನೇಷ್ಯನ್ ಎಂಬ ಒಂದೇ ಭಾಷಾಕುಲದವು. ಬೆಟ್ಟದ ಮೇಲಿನ ಜರಾಯ್‌ನಲ್ಲಿ ರಮಾ, ಎಡೆಯಲ್ಲಿ ಎಮಾ, ಚೀನಾದ ಹೈನಾನ್ ದ್ವೀಪದ ತ್ಸಾತ್‌ನಲ್ಲಿ ಬರೀ ಮಾ. ಸುತ್ತಲಿನವರ ಭಾಷೆಗಳ ಒಡನಾಟದಲ್ಲಿ ಪದದ ಮೊದಲ ಅಕ್ಷರ ಸವೆಯುತ್ತ ಹೋಗಿರುವುದು ಕಣ್ಣಿಗೆ ಕಟ್ಟುತ್ತದೆ. ತ್ಸಾತ್ ಅಂತೂ ಚೀನೀ ಭಾಷೆಗಳಂತೆ ಸ್ವರದ ಏರಿಳಿತದಿಂದಲೇ ಅರ್ಥ ಬೇರ್ಪಡಿಸುತ್ತದೆ. ಈ ನುಡಿಗಳಲ್ಲಿ ಅಷ್ಟು ದೂರ ಸಾಗಿದ್ದು ಅದೊಂದೇ. ಇವುಗಳೊಂದಿಗೆ ರೊಗ್ಲಾಯ್, ಚ್ರು ಸೇರಿದರೆ ಚಾಮಿಕ್ ಬಳಗ. ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿರುವ ‘ಆಚೆ’ ಎಂಬ ಜನರ ಭಾಷೆ ಅದರ ಅತಿ ಹತ್ತಿರದ ನಂಟ.

ಉಪಭಾಷೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2019ರ ಜನಗಣತಿಯಂತೆ ವಿಯೆಟ್ನಾಂನಲ್ಲಿ ಚಾಮರು ಸುಮಾರು 1.8 ಲಕ್ಷ, ಜರಾಯ್ ಜನ 5 ಲಕ್ಷಕ್ಕೂ ಹೆಚ್ಚು. ದೇವಾಲಯ, ಶಾಸನ ಚಾಮರಿಗಿವೆ ಎಂದ ಮಾತ್ರಕ್ಕೆ ಉಳಿದವರ ನುಡಿ ಅದರ ಕೊಂಬೆಯಾಗದು. ಎಲ್ಲವೂ ಒಂದೇ ತಾಯಿಯ ಮಕ್ಕಳು. ಆ ಬೆಟ್ಟಸೀಮೆಯ ನಕ್ಷೆ ತೆರೆದು ನೋಡಿ. ‘ಇಯಾ’, ‘ಎಯಾ’ ಎಂದು ಶುರುವಾಗುವ ಊರುಗಳು ಸಾಲುಸಾಲಾಗಿ ಸಿಗುತ್ತವೆ. ಜರಾಯ್, ಎಡೆ ಭಾಷೆಗಳಲ್ಲಿ ಅದು ನೀರು.

ನಿಮಗೆ ಇಷ್ಟವಾಗಬಹುದಾದ ಸಾಕ್ಷಿಯೊಂದಿದೆ. ಮೀ ಸನ್‌ಗೆ ದೂರವಲ್ಲದ ದೋಂಗ್ ಯೆನ್ ಚಾವ್‌ನಲ್ಲಿ ಸಿಕ್ಕ ಹಳೆಯ ಚಾಮ್ ಭಾಷೆಯ ಶಾಸನ ಸುಮಾರು 4ನೇ ಶತಮಾನದ್ದು, ನಮ್ಮ ಹಲ್ಮಿಡಿಗಿಂತ ಹಿಂದಿನದು. ‘ಸಿದ್ಧಂ’ ಎಂದೇ ಆರಂಭ. ಅರಸನ ನಾಗನನ್ನು ಗೌರವಿಸುವವನಿಗೆ ಸ್ವರ್ಗದಿಂದ ರತ್ನ ಉದುರಲಿ, ಅವಮಾನಿಸುವವನು ಏಳು ಕುಲದೊಂದಿಗೆ ಸಾವಿರ ವರ್ಷ ನರಕದಲ್ಲಿರಲಿ ಎನ್ನುತ್ತದೆ. ಸ್ವರ್ಗ, ನರಕ, ನಾಗ ಸಂಸ್ಕೃತದವು. ಆದರೆ ಮನುಷ್ಯನಿಗೆ ಅಲ್ಲಿರುವ ಪದ ‘ಉರಾಂಗ್’; ಒರಾಂಗುಟಾನ್ ಎನ್ನುವಾಗ ನಾವೂ ಆಡುವ ಪದ ಅದು. ‘ಏಳು ಕುಲ’ ಎಂಬಲ್ಲಿ ಕುಲ ಸಂಸ್ಕೃತದ್ದು, ಏಳು ಎಂಬುದಕ್ಕಿರುವ ‘ತಿಜುಹ್’ ಅವರದೇ.