ಹೊರೆ ಇಳಿಸಿದರೋ, ಕೈ ಖಾಲಿ ಮಾಡಿದರೋ?

ನಿಮ್ಮ ಪತ್ರದ ಸಾರ ಇಷ್ಟು. ಎಂಟು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೈಯ ಚಲನೆ ಹಿಡಿತಕ್ಕೆ ಸಿಗದ ತೊಂದರೆ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ, ಒಂದು ದಿನ ಸ್ಪೀಚ್ ಥೆರಪಿ. ಹನ್ನೊಂದು ವರ್ಷದಿಂದ ಒಂದೇ ಕಂಪನಿಯಲ್ಲಿದ್ದೀರಿ. ನೌಕರರ ಮನಸ್ಸು ಕೆಲಸದಲ್ಲಿ ಎಷ್ಟಿದೆ ಎಂದು ಅಳೆಯುವ ಈ ಸಲದ ಎಂಗೇಜ್‌ಮೆಂಟ್ ಸರ್ವೆಯನ್ನು ಪ್ರಾಮಾಣಿಕವಾಗಿ ತುಂಬಿದಿರಿ, ಅಂಕ ತಳ ಕಂಡಿತು. 'ಮನಸ್ಸೇ ಕೆಲಸದಲ್ಲಿಲ್ಲದ ಮೇಲೆ ಸಂಬಳ ತಗೊಳ್ಳೋದು ಮೋಸ ಅಲ್ವಾ? ರಾಜೀನಾಮೆ ಕೊಟ್ಟುಬಿಡಲಾ?' ಎಂದು ಕೇಳಿದ್ದೀರಿ.

ಕೊಡಬೇಡಿ.

ನಾಲ್ಕು ಪುಟದಲ್ಲಿ ಒಂದೂವರೆ ಪುಟ ನಿಮ್ಮ ಯಜಮಾನರ ಮೇಲಿನ ದೂರಿಗೇ ಹೋಗಿದೆ. ರಾತ್ರಿ ಎರಡು ಸಲ ಎದ್ದು ಮಗನ ಮಗ್ಗುಲು ಬದಲಿಸುವವರೂ ಅವರೇ ಅಂತ ನೀವೇ ಬರೆದಿದ್ದೀರಲ್ಲ! ಸದ್ಯಕ್ಕೆ ಅವರ ವಿಷಯ ಬಿಟ್ಟುಬಿಡಿ. ನನ್ನ ಕಣ್ಣು ನಿಂತದ್ದು ಮೂರನೇ ಪುಟದ ಕೊನೆಗೆ ನೀವು ಆವರಣದೊಳಗೆ ತುರುಕಿದ ಸಾಲಿನ ಮೇಲೆ: 'ಹೋದ ವರ್ಷ ಮ್ಯಾನೇಜರು ಹೊಸ ಪ್ರಾಜೆಕ್ಟನ್ನು ಬೇರೆಯವರಿಗೆ ಕೊಟ್ಟು ನನಗೆ ರಿಪೋರ್ಟ್ ತಿದ್ದುವ ಕೆಲಸ ಕೊಟ್ಟರು, ಪಾಪ, ನನ್ನ ಕಷ್ಟ ನೋಡಲಾರದೆ.'

ಪಾಪ ಅಂತೆ! ಅವರು ನಿಮ್ಮನ್ನು ಒಂದು ಮಾತು ಕೇಳಿದರೇ? ಕೇಳಿದ್ದರೆ ನೀವು ಬರೆಯುತ್ತಿದ್ದಿರಿ.

ನೀವು ಕಳಿಸಿದ ಸರ್ವೆಯ ಒಂಬತ್ತು ಪ್ರಶ್ನೆಗಳು ಯೂಟ್ರೆಕ್ಟ್ ಅಳತೆಪಟ್ಟಿಯವು, ಕೆಲಸದಲ್ಲಿನ ಮನಸ್ಸನ್ನು ಅಳೆಯಲು ಸಂಶೋಧಕರು ಮಾಡಿದ ಪ್ರಶ್ನಾವಳಿ ಅದು. ಹುರುಪು, ಕೆಲಸದ ಬಗೆಗಿನ ಅಭಿಮಾನ, ತಲ್ಲೀನತೆ ಎಂದು ಮೂರು ಭಾಗ. ಒಂದೊಂದಕ್ಕೆ ಮೂರು ಪ್ರಶ್ನೆ, 0ಯಿಂದ 6ರವರೆಗೆ ಅಂಕ. ಮೂರನ್ನೂ ಕೂಡಿಸಿ ನೋಡಿ ಗಾಬರಿಯಾಗಿದ್ದೀರಿ. ಬಿಡಿಸಿ ನೋಡಿ. ತಲ್ಲೀನತೆಗೆ ನೀವು ಕೊಟ್ಟುಕೊಂಡದ್ದು 1. ಶಾಲೆಯಿಂದ ಯಾವಾಗ ಫೋನ್ ಬರುತ್ತದೋ ಅಂತ ಒಂದು ಕಿವಿಯನ್ನು ಅತ್ತಲೇ ಇಟ್ಟುಕೊಂಡವರು ಮೈಮರೆತು ಕೆಲಸ ಮಾಡುವುದಾದರೂ ಹೇಗೆ? ಅದು ಇಷ್ಟಕ್ಕೇ ಇರಲಿ, ಚಿಂತೆಯಿಲ್ಲ. ಆದರೆ ಅಭಿಮಾನದ ಮೂರು ಪ್ರಶ್ನೆಗೂ 2 ಹಾಕಿದ್ದೀರಿ. ಇದಕ್ಕೆ ಮಗು ಕಾರಣವಲ್ಲ, ರಿಪೋರ್ಟ್ ತಿದ್ದುವ ಕೆಲಸ ಕಾರಣ.

ವಿಲಿಯಂ ಕಾನ್ ಎಂಬ ಸಂಶೋಧಕ ಒಂದು ಬೇಸಿಗೆ ಶಿಬಿರ ಮತ್ತು ಒಂದು ವಾಸ್ತುಶಿಲ್ಪ ಸಂಸ್ಥೆಯ ನೌಕರರನ್ನು ಗಮನಿಸಿ 1990ರಲ್ಲಿ ಬರೆದದ್ದು ಇದನ್ನೇ. ಮನಸ್ಸಿಟ್ಟು ದುಡಿಯಲು ಮೂರು ಬೇಕು: ಕೆಲಸಕ್ಕೊಂದು ಅರ್ಥ, ಮಾತಾಡಿದರೆ ಪೆಟ್ಟು ಬೀಳದೆಂಬ ಧೈರ್ಯ, ಕೆಲಸಕ್ಕೆ ಕೊಡಲು ಒಳಗೆ ಉಳಿದಿರುವ ಕಸುವು. ನಿಮ್ಮಲ್ಲಿ ಕಡಿಮೆಯಿದ್ದದ್ದು ಮೂರನೆಯದು. ಮ್ಯಾನೇಜರು ಕಿತ್ತುಕೊಂಡದ್ದು ಮೊದಲನೆಯದನ್ನು. 2001ರಲ್ಲಿ ಬಂದ ಇನ್ನೊಂದು ಸಿದ್ಧಾಂತದ ಪ್ರಕಾರ ದಣಿವಿನ ದಾರಿ ಬೇರೆ, ಬೇಸರದ ದಾರಿ ಬೇರೆ. ಕೆಲಸದ ಒತ್ತಡ ಹೆಚ್ಚಾದರೆ ದಣಿವು. ಸ್ವಾತಂತ್ರ್ಯ, ಬೆಂಬಲ, ಬೆಳೆಯುವ ಅವಕಾಶ ಕಡಿಮೆಯಾದರೆ ಮನಸ್ಸೇ ದೂರ ಸರಿಯುತ್ತದೆ. ನಿಮಗೆ ದಣಿವು ಮೊದಲೇ ಇತ್ತು, ಈಗ ಬೇಸರವೂ ಸೇರಿಕೊಂಡಿದೆ.

ಕರುಣೆಯಿಂದ ಕೆಲಸ ಕಿತ್ತುಕೊಳ್ಳುವವರ ಮೇಲೆ ಈ ಅಂಕಣಕ್ಕೆ ಹಳೆಯ ಸಿಟ್ಟು. ಲಂಡನ್ನಿನ ಕಾನೂನು ಸಂಸ್ಥೆಯೊಂದರ ನೌಕರಿ ಬಿಟ್ಟ ಮೇಲೆ ಶರೋನ್ ಕೋಲ್ಮನ್ ಎಂಬ ತಾಯಿ ದಾವೆ ಹೂಡಿದರು. 2008ರಲ್ಲಿ ಯುರೋಪಿನ ನ್ಯಾಯಾಲಯ, ಅಂಗವೈಕಲ್ಯ ಮಗುವಿಗಿದ್ದರೂ ಅದೇ ಕಾರಣಕ್ಕೆ ತಾಯಿಯನ್ನು ಕೀಳಾಗಿ ನಡೆಸಿಕೊಂಡರೆ ಅದು ತಾರತಮ್ಯವೇ ಎಂದಿತು. ಅದು ಅಲ್ಲಿನ ಕಾನೂನು, ನಿಜ. ತರ್ಕಕ್ಕೆ ಗಡಿಯೆಲ್ಲಿದೆ?

ನೀವು ಮಾಡಬೇಕಾದದ್ದು ಒಂದೇ. ಮ್ಯಾನೇಜರಿಗೆ ಒಂದು ಮೇಲ್ ಕಳಿಸಿ. ಮುಖತಃ ಹೇಳಬೇಡಿ, ಬಾಯಿಮಾತಿನ ಒಪ್ಪಂದ ಮ್ಯಾನೇಜರ್ ಬದಲಾದ ದಿನವೇ ಸತ್ತುಹೋಗುತ್ತದೆ.

ಮೇಲ್‌ಗೆ ಮುಂಚೆ ಹತ್ತು ಕೆಲಸದ ದಿನ ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಎದ್ದು ಹೋಗಬೇಕಾಯಿತು, ಎಷ್ಟು ನಿಮಿಷ, ಮೊದಲೇ ಗೊತ್ತಿತ್ತೇ ಇಲ್ಲವೇ. ಥೆರಪಿಯ ಹೊತ್ತು ನಿಗದಿಯಾಗಿರುವುದರಿಂದ ಅದನ್ನು ಕ್ಯಾಲೆಂಡರಿಗೆ ಹಾಕಿ ಕಾಯ್ದಿರಿಸಿಬಿಡಬಹುದು. ಕೆಲಸ ಕೆಡಿಸುವುದು ಹೇಳದೆ ಕೇಳದೆ ಬರುವ ಕರೆಗಳು. ಅವು ಎಷ್ಟೆಂದು ಎಣಿಸದೆ ಹೋದರೆ ನಿಮಗೂ ಮ್ಯಾನೇಜರಿಗೂ ದಿನವಿಡೀ ಅವೇ ಅನ್ನಿಸುತ್ತದೆ.

ಮೇಲ್‌ನಲ್ಲಿ ಐದೇ ಸಾಲು ಸಾಕು. ಯಾವ ಕೆಲಸ ವಾಪಸ್ ಬೇಕು, ಹೆಸರು ಹಿಡಿದು ಬರೆಯಿರಿ; 'ಏನಾದರೂ ಒಳ್ಳೆಯದು ಕೊಡಿ' ಅಂದರೆ ಇನ್ನೊಂದು ರಿಪೋರ್ಟ್ ಬರುತ್ತದೆ. ವಾರದ ಯಾವ ಹೊತ್ತಲ್ಲಿ ಸಿಗುವುದಿಲ್ಲ. ತುರ್ತು ಕರೆ ಬಂದರೆ ಮುಂದುವರಿಸುವ ಸಹೋದ್ಯೋಗಿ ಯಾರು. ಅವರನ್ನು ಮೊದಲೇ ಕೇಳಿ ಒಪ್ಪಿಸಿಕೊಳ್ಳಿ. ಅವರಿಗೆ ಬೇಕಾದ ಫೈಲುಗಳು ಎಲ್ಲಿರುತ್ತವೆ. ಆರು ವಾರದ ನಂತರ ಯಾವ ತಾರೀಖಿಗೆ ಕೂತು ನೋಡುವುದು. ಮಗನ ರೋಗನಿರ್ಣಯ, ವೈದ್ಯರ ಚೀಟಿ, ಕ್ಷಮಾಪಣೆ ಇವ್ಯಾವುವೂ ಬೇಡ. 'ರಾತ್ರಿ ಕೂತು ಸರಿದೂಗಿಸುತ್ತೇನೆ' ಎಂದಂತೂ ಅಪ್ಪಿತಪ್ಪಿಯೂ ಬರೆಯಬೇಡಿ. ಒಂದು ಸಲ ಬರೆದರೆ ಅದೇ ನಿಯಮವಾಗಿ ಕೂರುತ್ತದೆ.

ಅವರು ಉತ್ತರ ಬರೆಯದೆ ಕರೆದು 'ಆಯ್ತಮ್ಮ, ನೋಡೋಣ' ಅಂದರೆ, ಸೀಟಿಗೆ ವಾಪಸ್ ಬಂದ ಕೂಡಲೇ 'ಈಗ ಮಾತಾಡಿದಂತೆ' ಎಂದು ಶುರುಮಾಡಿ ಇನ್ನೊಂದು ಮೇಲ್ ಹಾಕಿ, ಆರು ವಾರದ ನಂತರದ ಆ ತಾರೀಖನ್ನು ಅದರಲ್ಲೂ ಬರೆಯಿರಿ.