ರಂಗದ ಮಾತು: ಆಡಿದ ನಾಟಕವನ್ನೇ ಆಡಿದರೆ ಪ್ರಶಸ್ತಿ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ನ್ಯೂಯಾರ್ಕಿನ ಟೋನಿ ಪ್ರಶಸ್ತಿಯ ಬಗ್ಗೆ. ಅದರಲ್ಲೂ, ಹಳೆಯ ನಾಟಕಗಳನ್ನು ಮತ್ತೆ ರಂಗಕ್ಕೆ ತಂದವರಿಗೆ ಕೊಡುವ ಪ್ರಶಸ್ತಿಯ ಬಗ್ಗೆ. ನನಗೆ ತುಂಬಾ ಇಷ್ಟದ ವಿಷಯ ಇದು. 22 ವರ್ಷ ಒಂದು ನಾಟಕ ತಂಡದಲ್ಲಿ ಪರಿಕರ ನೋಡಿಕೊಂಡವಳು ನಾನು. ಲೋಟ, ಕನ್ನಡಕ, ಕಾಗದ, ಕೊಡೆ, ಯಾವುದು ಯಾವ ದೃಶ್ಯಕ್ಕೆ, ಯಾರ ಕೈಗೆ ಅನ್ನುವುದೇ ನನ್ನ ಕೆಲಸ. ಹಾಗಾಗಿ ನನ್ನ ಉತ್ತರಗಳೂ ಪರದೆಯ ಹಿಂದಿನಿಂದಲೇ ಬರುತ್ತವೆ.

ಪ್ರಶ್ನೆ: ಅಕ್ಕಾ, ನಾಟಕ ಬರೆದವರು ಯಾವತ್ತೋ ಬರೆದಿದ್ದಾರೆ, ಹೆಸರೂ ಬಂದಾಗಿದೆ. ಅದನ್ನೇ ಮತ್ತೆ ಆಡಿದವರಿಗೆ ಬೇರೆ ಪ್ರಶಸ್ತಿ ಯಾಕೆ ಬೇಕು?

ಉತ್ತರ: ಹೆಸರು ಬಂದೇ ಇರುತ್ತದೆ ಅಂತ ಇಲ್ಲ. ಪಾಲ್ ಆಸ್ಬಾರ್ನ್ ಅವರ ‘ಮಾರ್ನಿಂಗ್ಸ್ ಅಟ್ ಸೆವೆನ್’ ನಾಟಕವನ್ನೇ ನೋಡಿ. ನಾಲ್ವರು ವಯಸ್ಸಾದ ಅಕ್ಕತಂಗಿಯರ ಕಥೆ. ಪಕ್ಕಪಕ್ಕದ ಎರಡು ಮನೆಗಳ ಹಿತ್ತಿಲಲ್ಲಿ ನಡೆಯುತ್ತದೆ. 1939ರಲ್ಲಿ ಬ್ರಾಡ್‌ವೇಗೆ, ಅಂದರೆ ನ್ಯೂಯಾರ್ಕಿನ ದೊಡ್ಡ ವೃತ್ತಿಪರ ರಂಗಮಂದಿರಗಳಿಗೆ ಬಂತು, 44 ಪ್ರದರ್ಶನಕ್ಕೆ ನಿಂತುಹೋಯಿತು. 1980ರಲ್ಲಿ ಇನ್ನೊಂದು ತಂಡ ಅದನ್ನು ಮತ್ತೆ ಕೈಗೆತ್ತಿಕೊಂಡಿತು. ಈ ಸಲ 564 ಪ್ರದರ್ಶನ, ಜೊತೆಗೆ ಟೋನಿ ಪ್ರಶಸ್ತಿ. ಆಸ್ಬಾರ್ನ್ ಅವರಿಗೆ ಆಗ 80ರ ಹತ್ತಿರ ವಯಸ್ಸು. ಒಂದು ಮಾತನ್ನೂ ಹೊಸದಾಗಿ ಬರೆಯದೆ ಅವರ ನಾಟಕ ಗೆದ್ದಿತು. ಬೇರೆ ಯಾರೋ ಅವರ ಮಾತನ್ನು ಸರಿಯಾಗಿ ಕೇಳಿಸಿಕೊಂಡಿದ್ದರು, ಅಷ್ಟೇ. ಆ ಕೇಳಿಸಿಕೊಳ್ಳುವ ಕೆಲಸಕ್ಕೆ ಪ್ರಶಸ್ತಿ ಬೇಡವಾ?

ಟೋನಿ ಪ್ರಶಸ್ತಿ ಶುರುವಾದದ್ದು 1947ರಲ್ಲಿ. ನಟಿ, ನಿರ್ದೇಶಕಿ ಆಂಟೊನೆಟ್ ಪೆರ್ರಿ ಅವರ ನೆನಪಿಗೆ. ಟೋನಿ ಅನ್ನುವುದು ಅವರನ್ನು ಕರೆಯುತ್ತಿದ್ದ ಹೆಸರು. ಮರುಪ್ರಯೋಗಕ್ಕೆ ಅಂತ ಬೇರೆ ವಿಭಾಗ ಬರಲು ಮಾತ್ರ 30 ವರ್ಷ ಬೇಕಾಯಿತು. 1977ರಲ್ಲಿ ಬಂದಾಗ ಅದಕ್ಕೆ ‘ಅತ್ಯಂತ ಹೊಸತನದ ಮರುಪ್ರಯೋಗ’ ಅನ್ನುವ ಅರ್ಥದ ಹೆಸರಿತ್ತು. ಆಮೇಲೆ ಆ ‘ಹೊಸತನ’ವನ್ನು ಕೈಬಿಟ್ಟರು. ಒಳ್ಳೆಯದೇ ಆಯಿತು. ಹೊಸದಾಗಿ ಏನಾದರೂ ಮಾಡಲೇಬೇಕು ಅಂತ ಹೊರಟರೆ ಪಾತ್ರಗಳ ಮೈಮೇಲೆ ಬೇಡದ ಬಟ್ಟೆ ಬೀಳುತ್ತದೆ. ಮೊದಲೆಲ್ಲ ನಾಟಕವೂ ಸಂಗೀತ ನಾಟಕವೂ ಒಂದೇ ಪ್ರಶಸ್ತಿಗೆ ಪೈಪೋಟಿ ಮಾಡಬೇಕಿತ್ತು. 1994ರಲ್ಲಿ ಎರಡನ್ನೂ ಬೇರೆ ಮಾಡಿದರು.

ಪ್ರಶಸ್ತಿ ಸೇರುವುದು ನಿರ್ಮಾಪಕರಿಗೆ. ನಿರ್ದೇಶಕರಿಗೆ, ನಟರಿಗೆ, ರಂಗಸಜ್ಜಿಕೆಯವರಿಗೆ ಬೇರೆ ಬೇರೆ ಟೋನಿಗಳಿವೆ. ಪರಿಕರದವರಿಗೆ ಇಲ್ಲ. ಇರಬೇಕಿತ್ತು ಅಂತ ನಾನು ನಿಜವಾಗಿಯೂ ನಂಬುತ್ತೇನೆ.

ಪ್ರಶ್ನೆ: ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕಕ್ಕೆ ಈ ಪ್ರಶಸ್ತಿ ಮೂರು ಸಲ ಬಂದಿದೆಯಂತೆ. ಒಂದೇ ನಾಟಕಕ್ಕೆ ಮತ್ತೆ ಮತ್ತೆ ಕೊಡುವುದು ಸರಿಯಾ?

ಉತ್ತರ: ಮೂರು ಸಲ ಬಂದದ್ದು ನಿಜ. 1984, 1999, 2012. ಆದರೆ ಆ ಮೂರರಲ್ಲಿ ಮುಖ್ಯ ಪಾತ್ರ ವಿಲ್ಲಿ ಲೋಮನ್ ಒಬ್ಬನೇ ಮನುಷ್ಯ ಅಲ್ಲ.

ಆರ್ಥರ್ ಮಿಲ್ಲರ್ ಬರೆಯುವಾಗ ವಿಲ್ಲಿ ಗಾತ್ರದಲ್ಲಿ ಚಿಕ್ಕ ಮನುಷ್ಯ. ತನ್ನನ್ನು ಯಾರೋ ಸೀಗಡಿ ಅಂದರು ಅಂತ ಹೆಂಡತಿ ಹತ್ತಿರ ಹೇಳಿಕೊಂಡು ನೊಂದುಕೊಳ್ಳುತ್ತಾನೆ. 1949ರ ಮೊದಲ ಪ್ರಯೋಗಕ್ಕೆ ಸಿಕ್ಕ ನಟ ಲೀ ಜೆ. ಕಾಬ್ ದೊಡ್ಡ ಆಳು. ಅದಕ್ಕೇ ಮಿಲ್ಲರ್ ಸೀಗಡಿ ತೆಗೆದು ವಾಲ್ರಸ್ ಅಂತ ಹಾಕಿದರು. ವಾಲ್ರಸ್ ಅಂದರೆ ಕೋರೆಹಲ್ಲಿನ ಭಾರಿ ಕಡಲಪ್ರಾಣಿ. 1984ರಲ್ಲಿ ಡಸ್ಟಿನ್ ಹಾಫ್‌ಮನ್ ಬಂದಾಗ ಸೀಗಡಿ ವಾಪಸ್ ಬಂತು. 1999ರ ಬ್ರಯಾನ್ ಡೆನ್ನೆಹಿ ಮತ್ತೆ ಆಜಾನುಬಾಹು. ಅಂಥ ದೇಹ ಕುಸಿಯುವುದೇ ಬೇರೆ, ಚಿಕ್ಕ ದೇಹ ಕುಗ್ಗುವುದೇ ಬೇರೆ. ಬದಲಾದದ್ದು ಒಂದು ಪದ. ಆದರೆ ನೋಡುವವರ ಮನಸ್ಸಿನಲ್ಲಿ ಅವಮಾನದ ಆಕಾರವೇ ಬದಲಾಗುತ್ತದೆ.

2012ರದ್ದನ್ನು ನಾನು ಕಣ್ಣಾರೆ ನೋಡಿದೆ. ಮಗಳ ಮನೆಗೆ ಹೋದವಳು ಎಥೆಲ್ ಬ್ಯಾರಿಮೋರ್ ಥಿಯೇಟರಿನಲ್ಲಿ ಮೇಲಿನ ಹಿಂದಿನ ಸಾಲಿನಲ್ಲಿ ಕೂತಿದ್ದೆ. ವಿಲ್ಲಿಯಾಗಿ ಫಿಲಿಪ್ ಸೀಮೋರ್ ಹಾಫ್‌ಮನ್. ಪಾತ್ರಕ್ಕೆ 63 ವರ್ಷ, ಅವರಿಗೆ ಆಗ 44. ನಿರ್ದೇಶಕ ಮೈಕ್ ನಿಕೋಲ್ಸ್ ಹೊಸ ರಂಗಸಜ್ಜಿಕೆ ಮಾಡಿಸಲಿಲ್ಲ. ಜೋ ಮೀಲ್ಜೀನರ್ 1949ರಲ್ಲಿ ಮಾಡಿದ್ದನ್ನೇ ಮತ್ತೆ ಕಟ್ಟಿಸಿದರು. ಗೋಡೆಯಿಲ್ಲದ, ಬರೀ ಚೌಕಟ್ಟಿನ ಮನೆ. ಕೆಳಗೆ ಅಡುಗೆಮನೆ, ಮೇಲೆ ಮಕ್ಕಳ ಕೋಣೆ. ಸಂಗೀತವೂ ಅಲೆಕ್ಸ್ ನಾರ್ತ್ ಅವರ ಹಳೆಯದೇ.

ನನ್ನ ಕಣ್ಣೆಲ್ಲ ವಿಲ್ಲಿಯ ಹೆಂಡತಿ ಲಿಂಡಾ ಕೈಯಲ್ಲಿದ್ದ ಕಾಲುಚೀಲದ ಮೇಲೆ. ಅವಳು ಹರಿದದ್ದನ್ನು ಹೊಲಿಯುತ್ತಾಳೆ. ಗಂಡ ಇನ್ನೊಬ್ಬಳಿಗೆ ಹೊಸ ಕಾಲುಚೀಲ ಕೊಟ್ಟಿದ್ದಾನೆ. ಅದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ವಿಲ್ಲಿ ಅವಳ ಮೇಲೆ ರೇಗುತ್ತಾನೆ. ಅವಳು ಸುಮ್ನೆ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾಳೆ. ಓದುವಾಗ ಆ ಸಾಲನ್ನು ನಾನು ಎಷ್ಟು ಸಲ ದಾಟಿ ಹೋಗಿದ್ದೆನೋ. ಅಂದು ಆ ತುಂಡು ಬಟ್ಟೆ ನೋಡಿ ಗಂಟಲು ಕಟ್ಟಿತು. 63 ವರ್ಷದ ಹಿಂದಿನ ರಂಗಸಜ್ಜಿಕೆ, 63 ವರ್ಷದ ಹಿಂದಿನ ಮಾತು, ಆದರೂ ಅಲ್ಲಿ ಹಳೆಯದು ಅನ್ನಿಸಿದ್ದು ಒಂದೂ ಇರಲಿಲ್ಲ. ಹಾಗಾಗಿ ನಾಲ್ಕನೇ ಸಲ ಕೊಟ್ಟರೂ ನನ್ನ ತಕರಾರಿಲ್ಲ.

ಪ್ರಶ್ನೆ: ಬ್ರಾಡ್‌ವೇಗೆ ಮೊದಲ ಸಲ ಬಂದ ನಾಟಕಕ್ಕೂ ಮರುಪ್ರಯೋಗದ ಪ್ರಶಸ್ತಿ ಕೊಟ್ಟಿದ್ದಾರೆ ಅಂತ ಓದಿದೆ. ಅದು ಹೇಗೆ?

ಉತ್ತರ: ನಿಯಮದಲ್ಲೇ ದಾರಿ ಇದೆ. ನಾಟಕ ಈಗಾಗಲೇ ಕ್ಲಾಸಿಕ್ ಆಗಿದೆ, ಜನ ಬೇರೆ ಕಡೆ ಆಡಿ ನೋಡಿ ಬಲ್ಲರು ಅಂತ ಟೋನಿ ಆಡಳಿತ ಸಮಿತಿಗೆ ಅನ್ನಿಸಿದರೆ, ಬ್ರಾಡ್‌ವೇಗೆ ಹೊಸದಾದರೂ ಅದನ್ನು ಮರುಪ್ರಯೋಗ ಅಂತ ಪರಿಗಣಿಸಬಹುದು. ಆಗಸ್ಟ್ ವಿಲ್ಸನ್ ಅವರ ‘ಜಿಟ್ನಿ’ 1982ರಲ್ಲೇ ಪಿಟ್ಸ್‌ಬರ್ಗ್‌ನಲ್ಲಿ ಆಡಿದ್ದು. ಬ್ರಾಡ್‌ವೇ ತಲುಪಿದ್ದು 2017ರಲ್ಲಿ, ವಿಲ್ಸನ್ ತೀರಿಕೊಂಡು 11 ವರ್ಷ ದಾಟಿದ ಮೇಲೆ. ಆ ವರ್ಷ ಪ್ರಶಸ್ತಿ ಅದಕ್ಕೇ ಬಂತು.

2019ರಲ್ಲಿ ‘ದಿ ಬಾಯ್ಸ್ ಇನ್ ದಿ ಬ್ಯಾಂಡ್’. ಸಲಿಂಗಿ ಗಂಡಸರ ಬದುಕನ್ನು ಮುಚ್ಚುಮರೆಯಿಲ್ಲದೆ ತೋರಿಸಿದ ನಾಟಕ. 1968ರಲ್ಲಿ ಅದು ಬ್ರಾಡ್‌ವೇಯ ಹೊರಗಿನ ಚಿಕ್ಕ ರಂಗದಲ್ಲಿ ಬಂದಾಗ ಅದರಲ್ಲಿ ನಟಿಸುವುದೇ ದೊಡ್ಡ ಧೈರ್ಯ. 50 ವರ್ಷದ ಮೇಲೆ ಪ್ರಶಸ್ತಿ ಬಂದಾಗ ಬರೆದ ಮಾರ್ಟ್ ಕ್ರೌಲಿ ಅವರಿಗೆ 83 ವರ್ಷ. ವೇದಿಕೆಗೆ ಬಂದು, ಮೊದಲ ಪ್ರಯೋಗದ ಒಂಬತ್ತು ನಟರನ್ನು ನೆನೆದರು. ಮರುವರ್ಷ ಅವರು ಹೋಗಿಬಿಟ್ಟರು. ಈ ನಿಯಮ ಇಲ್ಲದಿದ್ದರೆ ಆ ರಾತ್ರಿ ಅವರಿಗೆ ಸಿಗುತ್ತಿತ್ತಾ?

ಹಾಗಂತ ಎಲ್ಲದಕ್ಕೂ ಒಪ್ಪುತ್ತೇನೆ ಅಂತಲ್ಲ. 2025ರಲ್ಲಿ ಗೆದ್ದ ‘ಯುರೇಕಾ ಡೇ’ ಮೊದಲು ರಂಗಕ್ಕೆ ಬಂದದ್ದು 2018ರಲ್ಲಿ. ಏಳೇ ವರ್ಷ. ನಾಟಕದ ಗುಣದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದನ್ನು ಹೊಸ ನಾಟಕ ಅಂತಲೇ ಕರೆಯಬೇಕಿತ್ತು. ಹಳೆಯದನ್ನು ಹುಡುಕಿ ತರುವವರಿಗೆ ಇರುವ ಜಾಗವೇ ಚಿಕ್ಕದು, ಅಲ್ವಾ?

ಪ್ರಶ್ನೆ: ಪ್ರಶಸ್ತಿ ಬಂದರೆ ನಾಟಕ ಜಾಸ್ತಿ ದಿನ ಓಡುತ್ತದಾ?

ಉತ್ತರ: ಯಾವಾಗಲೂ ಇಲ್ಲ. ಮೊದಲ ಮಹಾಯುದ್ಧದ ಕಂದಕದಲ್ಲಿ ನಡೆಯುವ ‘ಜರ್ನೀಸ್ ಎಂಡ್’ 2007ರ ಜೂನ್ 10ರಂದು ಕೊನೆಯ ಪ್ರದರ್ಶನ ಕೊಟ್ಟಿತು. ಜನ ಸಾಕಷ್ಟು ಬರುತ್ತಿರಲಿಲ್ಲ. ಅದೇ ದಿನ ರಾತ್ರಿ ಪ್ರಶಸ್ತಿ ಬಂತು.

ಪ್ರಶ್ನೆ: ಈಗ ಹಳೆಯ ನಾಟಕಗಳನ್ನು ರಂಗಸಜ್ಜಿಕೆ, ಪರಿಕರ ಏನೂ ಇಲ್ಲದೆ ಬರಿ ರಂಗದಲ್ಲಿ ಆಡುತ್ತಾರೆ. ಪರಿಕರದ ಕೆಲಸ ಮಾಡಿದ ನಿಮಗೆ ಬೇಸರ ಆಗುವುದಿಲ್ಲವೇ?

ಉತ್ತರ: ಮೊದಮೊದಲು ಆಗುತ್ತಿತ್ತು. ನನಗೆ ಇಷ್ಟವಾಗುತ್ತಿದ್ದದ್ದು 1994ರಲ್ಲಿ ಗೆದ್ದ ‘ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್’ ಥರದ್ದು. ಸ್ಟೀಫನ್ ಡಾಲ್ಡ್ರಿ ನಿರ್ದೇಶನ. ಕಂಬಗಳ ಮೇಲೆ ನಿಂತ ಶ್ರೀಮಂತರ ಮನೆ ಕೊನೆಗೆ ವಾಲುತ್ತದೆ, ಪಿಂಗಾಣಿ ಸಾಮಾನೆಲ್ಲ ಜಾರಿ ಬೀಳುತ್ತದೆ. ಅಷ್ಟನ್ನೂ ಪ್ರತಿ ರಾತ್ರಿ ಮತ್ತೆ ಜೋಡಿಸಿಟ್ಟವರನ್ನು ನೆನೆದರೆ ನನಗೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ.

ಮನಸ್ಸು ಬದಲಾದದ್ದು ‘ಎ ವ್ಯೂ ಫ್ರಮ್ ದಿ ಬ್ರಿಜ್’ ನಾಟಕವನ್ನು ಚಿತ್ರೀಕರಿಸಿ ತೋರಿಸಿದ್ದನ್ನು ನೋಡಿದ ಮೇಲೆ. ಇವೋ ವಾನ್ ಹೋವ ನಿರ್ದೇಶಿಸಿದ ಈ ಪ್ರಯೋಗ 2016ರಲ್ಲಿ ಟೋನಿ ಗೆದ್ದಿತು. ಬರಿ ರಂಗ, ಬರಿಗಾಲಿನ ನಟರು. ನಾಟಕದಲ್ಲಿ ಮಾರ್ಕೋ ತನ್ನ ಬಲ ತೋರಿಸಲು ಕುರ್ಚಿ ಎತ್ತುವ ದೃಶ್ಯ ಇದೆ. ಮನೆ ತುಂಬಾ ಸಾಮಾನಿದ್ದರೆ ಅದು ಹತ್ತು ವಸ್ತುಗಳಲ್ಲಿ ಒಂದು. ಇಲ್ಲಿ ಆ ಕುರ್ಚಿ ಬಿಟ್ಟು ನೋಡಲು ಏನೂ ಇರಲಿಲ್ಲ. ಅದು ನಾಟಕದ ಮುಖ್ಯ ಪಾತ್ರ ಎಡ್ಡಿಯ ತಲೆ ಮೇಲೆ ಏಳುತ್ತಿದ್ದಂತೆ ನಾನು ಉಸಿರು ಹಿಡಿದು ಕೂತಿದ್ದೆ. ಪರಿಕರ ಕಡಿಮೆ ಮಾಡಿದ್ದು ನನ್ನ ಕೆಲಸಕ್ಕೆ ಅಗೌರವ ಅಂದುಕೊಂಡಿದ್ದೆ. ಒಂದೇ ಕುರ್ಚಿ ಉಳಿಸಿದವರು ಅದಕ್ಕೆ ಎಷ್ಟು ಬೆಲೆ ಕೊಟ್ಟಿದ್ದರು!

2023ರಲ್ಲಿ ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನಾಮನಿರ್ದೇಶನಗೊಂಡಿತ್ತು, ಗೆಲ್ಲಲಿಲ್ಲ. 1997ರಲ್ಲಿ ಇದೇ ನಾಟಕದ ಬೇರೊಂದು ಪ್ರಯೋಗ ಗೆದ್ದಿತ್ತು. 2023ರದ್ದನ್ನು ಮಗಳು ನೋಡಿ ಬಂದು ರಾತ್ರಿಯೇ ಫೋನ್ ಮಾಡಿದಳು. ನಾಯಕಿ ನೋರಾ ಆಗಿ ಜೆಸ್ಸಿಕಾ ಚಾಸ್ಟೇನ್. ನಾಟಕ ಶುರುವಾಗುವ ಮೊದಲೇ ಕುರ್ಚಿಯಲ್ಲಿ ಕೂತು ರಂಗದ ಮೇಲೆ ಸುತ್ತುತ್ತಿದ್ದರಂತೆ. ನಾನು ಕೇಳಿದ್ದು ಒಂದೇ, “ಬಾಗಿಲು ಇತ್ತಾ?” ಆ ನಾಟಕದಲ್ಲಿ ಬಾಗಿಲು ಬೇಕೇ ಬೇಕು. ನೋರಾ ಮನೆ ಬಿಟ್ಟು ಹೋಗುವಾಗ ಅದು ಮುಚ್ಚಿಕೊಳ್ಳುವ ಸದ್ದು 1879ರಿಂದ ಕೇಳಿಸುತ್ತಲೇ ಇದೆ.

“ಬಾಗಿಲು ಮಾಡಿರಲಿಲ್ಲಮ್ಮ,” ಅಂದಳು. “ಥಿಯೇಟರಿನ ಹಿಂದಿನ ಗೋಡೆಯೇ ತೆರೆಯಿತು. ಆಚೆ ನಿಜವಾದ ರಸ್ತೆ. ನೋರಾ ಎದ್ದು ಹೊರಗೆ ಹೋದಳು. ರಸ್ತೆಯಲ್ಲಿ ಯಾರೋ ನಡೆದುಕೊಂಡು ಹೋಗ್ತಾ ಇದ್ದರು.”